ಐದು ಪ್ರಶ್ನಾರ್ಥಕ ಚಿಹ್ನೆಗಳು: ಫಾರ್ಮ್‌ನಿಂದ ಡೇಟಾಬೇಸ್‌ಗೆ ಹೋಗುವ ಅಕ್ಷರ ಎಲ್ಲಿ ಕೆಡುತ್ತದೆ?

ಫಾರ್ಮ್‌ನಲ್ಲಿ ಒಬ್ಬರು 'ಕನ್ನಡ' ಎಂದು ಟೈಪ್ ಮಾಡಿ ಸಬ್ಮಿಟ್ ಒತ್ತುತ್ತಾರೆ. ಡೇಟಾಬೇಸ್ ತೆರೆದು ನೋಡಿದರೆ ಅಲ್ಲಿ ????? ಎಂದಿದೆ. ಎಣಿಸಿ ನೋಡಿ, ಐದು ಪ್ರಶ್ನಾರ್ಥಕ ಚಿಹ್ನೆ. ಕಣ್ಣಿಗೆ ಕಂಡ ಅಕ್ಷರ ಮೂರೇ ಅಲ್ವಾ? ಮೂರು ಹೋಗಿ ಐದು ಹೇಗಾಯಿತು? ಈ ಲೆಕ್ಕಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರುತ್ತೇನೆ. ಕಾರಣ ಹುಡುಕುವ ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ.

ಇಂಥ ದೂರು ಬಂದಾಗ ಬಹಳ ಜನ ಏನು ಮಾಡುತ್ತಾರೆ ಗೊತ್ತಾ? ಹುಡುಕಿದಾಗ ಸಿಕ್ಕ ಮೊದಲ ಸಾಲನ್ನು ಕೋಡ್‌ಗೆ ಅಂಟಿಸುತ್ತಾರೆ. ಅದು ಕೆಲಸ ಮಾಡಲಿಲ್ಲ ಅಂದರೆ ಎರಡನೆಯದು. ಸೇವ್ ಮಾಡುವ ಮುಂಚೆ ಒಂದು ಕನ್ವರ್ಟ್, ತೋರಿಸುವ ಮುಂಚೆ ಇನ್ನೊಂದು ಕನ್ವರ್ಟ್, ನಡುವೆ ಸುಮ್ನೆ ಒಂದು ಎಸ್ಕೇಪ್, ಅಂದರೆ ವಿಶೇಷ ಅರ್ಥವಿರುವ ಚಿಹ್ನೆಯನ್ನು ಮಾಮೂಲಿ ಅಕ್ಷರದಂತೆ ಓದಿಸುವ ಉಪಾಯ. ಯಾವುದೋ ಒಂದು ಜೋಡಣೆಯಲ್ಲಿ ಪರದೆಯ ಮೇಲೆ ಅಕ್ಷರ ಸರಿಯಾಗಿ ಮೂಡುತ್ತದೆ. ಸದ್ಯ, ಬಗೆಹರಿಯಿತು ಅಂತ ಮನೆಗೆ ಹೋಗುತ್ತಾರೆ. ನಿಜಕ್ಕೂ ಆಗಿರುವುದು ಏನೆಂದರೆ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಟ್ಟಿವೆ. ಮುಂದೆ ಬೇರೆ ಯಾರೋ ಅದರಲ್ಲಿ ಒಂದನ್ನು ಸರಿಪಡಿಸಿದ ದಿನ ಇನ್ನೊಂದು ಹೊರಗೆ ಬರುತ್ತದೆ.

ಹಾಗಾಗಿ ಇವತ್ತು ನಾನು ಹೇಳುವುದೆಲ್ಲ ಒಂದೇ ವಿಷಯದ ಸುತ್ತ. ಏನನ್ನೂ ಸರಿಪಡಿಸುವ ಮೊದಲು ಬೈಟ್ ನೋಡಿ, ಅಂದರೆ ಕಂಪ್ಯೂಟರ್ ನಿಜವಾಗಿ ಇಟ್ಟುಕೊಂಡಿರುವ ಸಂಖ್ಯೆಗಳನ್ನು ನೋಡಿ. ಪರದೆಯನ್ನು ನಂಬಬೇಡಿ. ಅಕ್ಷರ ಯಾವ ಗಡಿಯಲ್ಲಿ ಬದಲಾಯಿತು ಎಂದು ಗೊತ್ತಾಗುವವರೆಗೆ ಕೋಡ್ ಮುಟ್ಟಬೇಡಿ.

ಗಡಿ ಅಂದೆ. ಎಷ್ಟು ಗಡಿಗಳಿವೆ ನೋಡಿ. ಬ್ರೌಸರ್ ಪಠ್ಯವನ್ನು ಬೈಟ್ ಮಾಡಿ ಕಳಿಸುತ್ತದೆ. ಸರ್ವರ್ ಆ ಬೈಟ್‌ಗಳನ್ನು ಓದಿ ಮತ್ತೆ ಪಠ್ಯ ಮಾಡಿಕೊಳ್ಳುತ್ತದೆ. ನಿಮ್ಮ ಕೋಡ್ ಅದನ್ನು ಡೇಟಾಬೇಸ್ ಡ್ರೈವರ್‌ಗೆ, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿಗೆ, ಕೊಡುತ್ತದೆ. ಡ್ರೈವರ್ ಕನೆಕ್ಷನ್ ಮೂಲಕ ಮತ್ತೆ ಬೈಟ್ ಕಳಿಸುತ್ತದೆ. ಡೇಟಾಬೇಸ್ ಅದನ್ನು ಕಾಲಮ್‌ನ ಎನ್‌ಕೋಡಿಂಗ್‌ಗೆ, ಅಂದರೆ ಯಾವ ಅಕ್ಷರಕ್ಕೆ ಯಾವ ಬೈಟ್ ಎಂಬ ಅಲ್ಲಿನ ಒಪ್ಪಂದಕ್ಕೆ, ಬದಲಿಸಿ ಇಡುತ್ತದೆ. ಓದುವಾಗ ಇಷ್ಟೂ ಹಿಂದುಮುಂದಾಗಿ ನಡೆಯುತ್ತದೆ. ಪ್ರತಿ ಗಡಿಯಲ್ಲೂ ಒಬ್ಬರು ಬರೆಯುವವರು, ಒಬ್ಬರು ಓದುವವರು. ಇಬ್ಬರೂ ಒಂದೇ ಎನ್‌ಕೋಡಿಂಗ್ ಅಂದುಕೊಂಡಿದ್ದರೆ ತೊಂದರೆ ಇಲ್ಲ. ಇಬ್ಬರಿಗೂ ಬೇರೆ ಬೇರೆ ಅಂದಾಜು ಇದ್ದರೆ ಅಲ್ಲಿ ಅಕ್ಷರ ಕೆಡುತ್ತದೆ.

ಈಗ ಆ ಐದರ ಲೆಕ್ಕ. ಯುನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದೆ. 'ಕ'ಗೆ ಕೊಟ್ಟದ್ದು 3221. ಹೆಕ್ಸ್‌ನಲ್ಲಿ, ಅಂದರೆ 0ಯಿಂದ 9 ಮತ್ತು ಎಯಿಂದ ಎಫ್ ಬಳಸುವ ಹದಿನಾರರ ಎಣಿಕೆಯಲ್ಲಿ, ಬರೆದರೆ 0ಸಿ95. 'ಕನ್ನಡ' ಎನ್ನುವುದರಲ್ಲಿ ಇಂಥ ಕೋಡ್‌ಪಾಯಿಂಟ್‌ಗಳು ಐದು: ಕ, ನ, ಅರ್ಧಾಕ್ಷರ ಮಾಡುವ ಆ ಚಿಹ್ನೆ ಒಂದು, ಮತ್ತೊಂದು ನ, ಆಮೇಲೆ ಡ. ಈ ಸಂಖ್ಯೆಗಳನ್ನು ಬೈಟ್ ಮಾಡುವ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ 3 ಬೈಟ್ ಬೇಕು. ಅಲ್ಲಿಗೆ ಓದುವವರಿಗೆ 3 ಅಕ್ಷರ, ಯುನಿಕೋಡ್‌ಗೆ 5 ಕೋಡ್‌ಪಾಯಿಂಟ್, ಡಿಸ್ಕ್‌ಗೆ 15 ಬೈಟ್.

ಈಗ ಐದು ಪ್ರಶ್ನಾರ್ಥಕ ಚಿಹ್ನೆ ಏನು ಹೇಳುತ್ತಿದೆ? ಯಾವುದೋ ಒಂದು ಹಂತ ಈ ಪಠ್ಯವನ್ನು ಸರಿಯಾಗಿಯೇ ಓದಿಕೊಂಡಿದೆ. ಐದು ಕೋಡ್‌ಪಾಯಿಂಟ್ ಇವೆ ಎಂದು ಅದಕ್ಕೆ ತಿಳಿದಿತ್ತು. ಆದರೆ ಅದನ್ನು ಕನ್ನಡವೇ ಇಲ್ಲದ ಎನ್‌ಕೋಡಿಂಗ್‌ಗೆ, ಬಹುಮಟ್ಟಿಗೆ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಇರುವ ಲ್ಯಾಟಿನ್1ಗೆ, ಬದಲಿಸಲು ಹೋಯಿತು. ಜಾಗ ಸಿಗದ ಒಂದೊಂದಕ್ಕೂ ಒಂದು ? ಇಟ್ಟಿತು. ಅದೇ ಜಾಗದಲ್ಲಿ ಹದಿನೈದು ವಿಚಿತ್ರ ಗುರುತುಗಳು ಬಂದಿದ್ದರೆ ಕಥೆ ಬೇರೆ. ಆಗ ಯಾರೋ ಬೈಟ್‌ಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದನ್ನೂ ಒಂದು ಪೂರ್ತಿ ಅಕ್ಷರ ಅಂದುಕೊಂಡಿದ್ದಾರೆ ಎಂದರ್ಥ. ನೋಡಿ, ಇನ್ನೂ ಕೋಡ್ ತೆರೆದೇ ಇಲ್ಲ, ಆಗಲೇ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯಿತು.

ಇಲ್ಲಿ ಒಂದು ಚಿಕ್ಕ ಅಡ್ಡದಾರಿ. ಯುಟಿಎಫ್-8 ಅನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಅದರ ದೊಡ್ಡ ಗುಣ ಎಂದರೆ ಇಂಗ್ಲಿಷ್‌ಗಾಗಿ ಇದ್ದ ಹಳೆಯ ಆಸ್ಕಿ ಎನ್‌ಕೋಡಿಂಗ್‌ನ 128 ಅಕ್ಷರಗಳು ಅದರಲ್ಲಿ ಹಾಗೆಹಾಗೇ, ಒಂದೊಂದೇ ಬೈಟ್‌ನಲ್ಲಿ ಇರುತ್ತವೆ. ಜಗತ್ತು ಅದನ್ನು ಒಪ್ಪಿಕೊಳ್ಳಲು ಇದೇ ಮುಖ್ಯ ಕಾರಣ. ನಮ್ಮ ತಲೆನೋವಿಗೂ ಇದೇ ಕಾರಣ ಅನ್ನಿ. ಇಂಗ್ಲಿಷ್ ಅಕ್ಷರ, ಅಂಕಿ ಹಾಕಿ ಪರೀಕ್ಷೆ ಮಾಡಿದರೆ ಯುಟಿಎಫ್-8, ಲ್ಯಾಟಿನ್1, ಅದನ್ನೇ ಹೋಲುವ ವಿಂಡೋಸ್-1252 ಮೂರೂ ಒಂದೇ ಬೈಟ್ ಕೊಡುತ್ತವೆ. ಸೆಟ್ಟಿಂಗ್ ಎಷ್ಟೇ ತಪ್ಪಿದ್ದರೂ ಟೆಸ್ಟ್ ಪಾಸ್. ಸೈಟ್ ಜನರ ಕೈಗೆ ಹೋದ ಮೇಲೆ ಯಾರೋ ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದಾಗಲೇ ಬಣ್ಣ ಬಯಲಾಗುವುದು.

ಸರಿ, ಬೈಟ್ ನೋಡುವುದು ಹೇಗೆ? ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ ಹೆಕ್ಸ್ ಎಂಬ ಫಂಕ್ಷನ್ ಇದೆ. ಕಾಲಮ್ ಹೆಸರನ್ನು ಅದರೊಳಗೆ ಹಾಕಿ ಸೆಲೆಕ್ಟ್ ಮಾಡಿ. ಉತ್ತರದಲ್ಲಿ ಬರುವುದು ಬರೀ ಅಂಕಿ ಮತ್ತು ಆರು ಇಂಗ್ಲಿಷ್ ಅಕ್ಷರ. ಆ ಉತ್ತರ ದಾರಿಯಲ್ಲಿ ಕೆಡಲು ಸಾಧ್ಯವೇ ಇಲ್ಲ, ಅದಕ್ಕೇ ಅದನ್ನು ನಂಬಬಹುದು. 'ಕ' ಸರಿಯಾಗಿ ಕೂತಿದ್ದರೆ ಇ0 ಬಿ2 95 ಎಂದು ಕಾಣುತ್ತದೆ. 3ಎಫ್ ಕಂಡರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಸಿ3 ಎ0 ಸಿ2 ಬಿ2 ಇ2 80 ಎ2 ಎಂದು ಏಳು ಬೈಟ್ ಉದ್ದಕ್ಕೆ ಕಂಡರೆ ಅದು ಎರಡು ಸಲ ಎನ್‌ಕೋಡ್ ಆದ 'ಕ'. ಪೋಸ್ಟ್‌ಗ್ರೆಸ್‌ನಲ್ಲೂ ಪಠ್ಯವನ್ನು ಬೈಟ್ ಮಾಡಿ ಹೆಕ್ಸ್‌ನಲ್ಲಿ ತೋರಿಸುವ ಫಂಕ್ಷನ್‌ಗಳಿವೆ. ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್‌ನಲ್ಲಿ ಯುನಿಕೋಡ್ ಪಠ್ಯ ಇಡುವ ಎನ್‌ವಾರ್‌ಚಾರ್ ಕಾಲಮ್‌ನಲ್ಲಿ ಅದೇ 'ಕ' 95 0ಸಿ ಎಂದು ಎರಡೇ ಬೈಟ್ ಇರುತ್ತದೆ. ಅಲ್ಲಿ ಬಳಕೆಯಲ್ಲಿರುವುದು ಯುಟಿಎಫ್-16, ಅದೂ ಬೈಟ್‌ಗಳು ಹಿಂದುಮುಂದು. ಗಾಬರಿ ಬೇಡ, ಅದು ಸರಿಯೇ.

ಹೆಕ್ಸ್ ಸರಿ ಇದೆ, ಪರದೆಯಲ್ಲಿ ಮಾತ್ರ ತಪ್ಪು ಎಂದರೆ ಡೇಟಾ ಮುಟ್ಟಬೇಡಿ. ಕೆಟ್ಟಿರುವುದು ಓದುವ ದಾರಿ. ಕನೆಕ್ಷನ್‌ನಿಂದ ಹೊರಬರುವಾಗ ಲ್ಯಾಟಿನ್1ಗೆ ಬದಲಾದರೂ ಇದೇ ????? ಕಾಣುತ್ತದೆ, ಒಳಗೆ ಎಲ್ಲ ಚೆನ್ನಾಗಿರುತ್ತದೆ. ಕೆಲವು ಸಲ ನಿಮ್ಮ ಟರ್ಮಿನಲ್ಲೇ ಸುಳ್ಳು ಹೇಳುತ್ತದೆ. ಸಿಎಸ್‌ವಿ ಫೈಲ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು, 'ಡೇಟಾಬೇಸ್ ಪೂರಾ ಹಾಳಾಗಿದೆ' ಎಂದು ಓಡಿ ಬರುವವರು ಬಹಳ. ಫೈಲ್‌ನ ಮೊದಲಿಗೆ ಇಎಫ್ ಬಿಬಿ ಬಿಎಫ್ ಎಂಬ ಮೂರು ಬೈಟ್‌ನ ಗುರುತು, ಅಂದರೆ ಬಾಮ್, ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸದೆ ಹಳೆಯ ಎನ್‌ಕೋಡಿಂಗ್‌ನಲ್ಲಿ ತೆರೆದುಬಿಡಬಹುದು. ಡೇಟಾಬೇಸ್‌ಗೆ ಏನೂ ಆಗಿರುವುದಿಲ್ಲ.

ಈಗ ನಿಜವಾಗಿಯೂ ಕೆಟ್ಟಿರುವ ಪ್ರಸಂಗಗಳಿಗೆ ಬರೋಣ. ಮೊದಲು 3ಎಫ್. ಇದು ಕಂಡರೆ ಕೆಟ್ಟ ಸುದ್ದಿ. ಮೂಲ ಅಕ್ಷರ ಹೋಗಿದೆ, ಯಾವ ಕ್ವೆರಿಯಿಂದಲೂ ವಾಪಸ್ ಬರುವುದಿಲ್ಲ. ಲಾಗ್‌ನಲ್ಲಿ ಅಥವಾ ಕಳಿಸಿದ ಇಮೇಲ್‌ನಲ್ಲಿ ಪ್ರತಿ ಉಳಿದಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಬರೆದವರನ್ನೇ ಮತ್ತೆ ಕೇಳಬೇಕು. ಆದ್ದರಿಂದ ಇಲ್ಲಿ ಮೊದಲ ಕೆಲಸ ಸೋರಿಕೆ ನಿಲ್ಲಿಸುವುದು.

ಸೋರುವ ಜಾಗ ಎಲ್ಲಿ? ಮೈಎಸ್‌ಕ್ಯುಎಲ್ ಆದರೆ ಕಾಲಮ್ ನೋಡಿ. 8.0 ಆವೃತ್ತಿ ಬರುವವರೆಗೆ ಅದರ ಡೀಫಾಲ್ಟ್ ಲ್ಯಾಟಿನ್1. ಯಾರೂ ಏನೂ ಹೇಳದೆ ಟೇಬಲ್ ಮಾಡಿದ್ದರೆ ಅದು ಲ್ಯಾಟಿನ್1 ಆಗಿಯೇ ಹುಟ್ಟಿರುತ್ತದೆ. ಡೇಟಾಬೇಸ್‌ನ ಸೆಟ್ಟಿಂಗ್ ಆಮೇಲೆ ಬದಲಿಸಿದರೂ ಹಳೆಯ ಟೇಬಲ್ ತಾನಾಗಿ ಬದಲಾಗುವುದಿಲ್ಲ. ಟೇಬಲ್‌ನ ಡೀಫಾಲ್ಟ್ ಬದಲಿಸಿದರೂ ಹಳೆಯ ಕಾಲಮ್ ಬದಲಾಗುವುದಿಲ್ಲ. ಕಾಲಮ್‌ವರೆಗೆ ಇಳಿದು ನೋಡಿ. ಕಾಲಮ್ ಸರಿ ಇದ್ದರೆ ಆಮೇಲೆ ಕನೆಕ್ಷನ್.

ಕನೆಕ್ಷನ್ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಜಾಸ್ತಿ ಜನ ಎಡವುವುದು ಇಲ್ಲೇ. ಮೈಎಸ್‌ಕ್ಯುಎಲ್ ಪ್ರತಿ ಕನೆಕ್ಷನ್‌ಗೂ ಮೂರು ವಿಷಯ ನೆನಪಿಟ್ಟುಕೊಳ್ಳುತ್ತದೆ. ಕ್ಲೈಂಟ್ ಯಾವ ಎನ್‌ಕೋಡಿಂಗ್‌ನಲ್ಲಿ ಕಳಿಸುತ್ತಿದೆ, ಒಳಗೆ ಯಾವುದಕ್ಕೆ ಬದಲಿಸಿಕೊಳ್ಳಬೇಕು, ಉತ್ತರವನ್ನು ಯಾವುದರಲ್ಲಿ ಕೊಡಬೇಕು. 'ಸೆಟ್ ನೇಮ್ಸ್' ಎಂಬ ಆಜ್ಞೆ ಮೂರನ್ನೂ ಒಟ್ಟಿಗೆ ಹೊಂದಿಸುತ್ತದೆ. ಹಾಗಂತ ಅದನ್ನು ಕ್ವೆರಿಯಾಗಿ ಓಡಿಸಿ ಸುಮ್ಮನಾಗಬೇಡಿ. ಆಗ ಸರ್ವರ್‌ಗೆ ವಿಷಯ ಗೊತ್ತಾಗುತ್ತದೆ, ನಿಮ್ಮ ಡ್ರೈವರ್‌ಗೆ ಗೊತ್ತಾಗುವುದಿಲ್ಲ. ಪಿಎಚ್‌ಪಿಯ ಮೈಎಸ್‌ಕ್ಯುಎಲ್‌ಐನಲ್ಲಿ ಇದಕ್ಕೆಂದೇ ಕ್ಯಾರೆಕ್ಟರ್ ಸೆಟ್ ಹೇಳುವ ಬೇರೆ ಫಂಕ್ಷನ್ ಇದೆ. ಪಿಎಚ್‌ಪಿಯಲ್ಲೇ ಇರುವ ಇನ್ನೊಂದು ದಾರಿ ಪಿಡಿಒದಲ್ಲಿ ಕನೆಕ್ಷನ್ ತೆರೆಯುವ ಸಾಲಿನಲ್ಲೇ ಬರೆಯಬಹುದು. ಡ್ರೈವರ್‌ಗೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಕೋಟ್ ವಿಷಯ ಬಂದಾಗ ಹೇಳುತ್ತೇನೆ, ಅದು ಬರೀ ಅಕ್ಷರ ಕೆಡುವ ಮಾತಲ್ಲ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದೇ ರೋಗಕ್ಕೆ ಬೇರೆ ಕಾರಣ. ಕಾಲಮ್ ಎನ್‌ವಾರ್‌ಚಾರ್ ಆಗಿದೆ, ಆದರೂ ಪ್ರಶ್ನಾರ್ಥಕ ಚಿಹ್ನೆ. ಯಾಕೆ? ಕ್ವೆರಿಯಲ್ಲಿ ಪಠ್ಯವನ್ನು ನೇರವಾಗಿ ಬರೆಯುವಾಗ ಕೋಟ್‌ನ ಮುಂದೆ ಎನ್ ಅಕ್ಷರ ಹಾಕಿಲ್ಲ. ಅದು ಇಲ್ಲದಿದ್ದರೆ ಪಠ್ಯ ಕಾಲಮ್ ತಲುಪುವ ಮೊದಲೇ ಹಳೆಯ ಕೋಡ್ ಪೇಜ್‌ಗೆ ಬದಲಾಗಿಬಿಡುತ್ತದೆ.

ಎರಡನೆಯದು, ಅಕ್ಷರದ ಬದಲು ಕಸ ಬರುವುದು. 'ಕ' ಇರಬೇಕಾದ ಕಡೆ ತಲೆಯ ಮೇಲೆ ಓರೆಗೆರೆ ಇರುವ ಒಂದು ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟಾಣಿ 2, ಆಮೇಲೆ ಒಂದು ದಪ್ಪ ಚುಕ್ಕೆ. ನೀವೆಲ್ಲ ಇದನ್ನು ನೋಡೇ ಇರುತ್ತೀರಿ. ಇದು ಏನೆಂದರೆ ಇ0, ಬಿ2, 95 ಎಂಬ ಮೂರು ಬೈಟ್‌ಗಳನ್ನು ವಿಂಡೋಸ್-1252 ಎಂದುಕೊಂಡು ಓದಿದಾಗ ಬರುವ ಮೂರು ಅಕ್ಷರ. ಡಬ್ಬದೊಳಗಿನ ಸಾಮಾನು ಸರಿ ಇದೆ, ಮೇಲೆ ಅಂಟಿಸಿದ ಚೀಟಿ ತಪ್ಪಿದೆ. ಮೈಎಸ್‌ಕ್ಯುಎಲ್ ಲ್ಯಾಟಿನ್1 ಎಂದು ಕರೆಯುವುದೂ ಹೆಚ್ಚುಕಡಿಮೆ ಈ ವಿಂಡೋಸ್-1252ನ್ನೇ.

ಇದರ ಅಪಾಯಕಾರಿ ರೂಪ ಹೀಗಿರುತ್ತದೆ. ನಿಮ್ಮ ಆ್ಯಪ್ ಯುಟಿಎಫ್-8 ಬೈಟ್ ಕಳಿಸುತ್ತದೆ. ಕನೆಕ್ಷನ್ ಮಾತ್ರ 'ನಾನು ಲ್ಯಾಟಿನ್1' ಎಂದು ಹೇಳಿಕೊಂಡಿದೆ. ಕಾಲಮ್ ಯುಟಿಎಫ್-8. ಡೇಟಾಬೇಸ್ ನಂಬಿಕೆಯಿಂದ ಲ್ಯಾಟಿನ್1ನಿಂದ ಯುಟಿಎಫ್-8ಗೆ ಬದಲಿಸುತ್ತದೆ. ಮೂರು ಬೈಟ್ ಏಳಾಗುತ್ತದೆ. ಓದುವಾಗ ಅದೇ ತಪ್ಪು ಕನೆಕ್ಷನ್ ಏಳನ್ನು ಮತ್ತೆ ಮೂರು ಮಾಡಿ ಕೊಡುತ್ತದೆ. ಪರದೆಯಲ್ಲಿ ಚಂದವಾಗಿ 'ಕ' ಮೂಡುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಯಾರೋ ಹೊಸ ರಿಪೋರ್ಟ್ ಬರೆದು, ಸರಿಯಾದ ಕನೆಕ್ಷನ್ ಇಟ್ಟುಕೊಂಡು ಓದುತ್ತಾರೆ. ಅವರಿಗೆ ಪೂರಾ ಕಸ. ಎಲ್ಲರೂ ಹೊಸಬರ ಮೇಲೆ ಬೀಳುತ್ತಾರೆ: 'ನಮ್ಮಲ್ಲಿ ಸರಿಯಾಗೇ ಕಾಣುತ್ತಿದೆಯಲ್ಲ!' ಹೆಕ್ಸ್ ನೋಡದೆ ಈ ಜಗಳ ಬಗೆಹರಿಯುವುದಿಲ್ಲ. ನೋಡಿದರೆ ಒಂದು ನಿಮಿಷದ ಮಾತು.

ಪಿಎಚ್‌ಪಿಯಲ್ಲಿ ಯುಟಿಎಫ್8 ಎನ್‌ಕೋಡ್ ಎಂಬ ಫಂಕ್ಷನ್ ಇತ್ತು. ಹೆಸರು ನೋಡಿ ಎಷ್ಟೋ ಜನ ಮೋಸ ಹೋದರು. ಅದು ಏನು ಕೊಟ್ಟರೂ ಲ್ಯಾಟಿನ್1 ಅಂದುಕೊಂಡು ಬದಲಿಸುತ್ತದೆ. ಈಗಾಗಲೇ ಯುಟಿಎಫ್-8 ಆಗಿರುವುದನ್ನು ಕೊಟ್ಟರೆ ಎರಡನೆಯ ಸಲ ಎನ್‌ಕೋಡ್. ಪಿಎಚ್‌ಪಿ 8.2ರಿಂದ ಅದನ್ನು ಬಳಸಬೇಡಿ ಎಂದು ಭಾಷೆಯೇ ಎಚ್ಚರಿಸುತ್ತದೆ. ನಿಮ್ಮ ಹಳೆಯ ಕೋಡ್‌ನಲ್ಲಿ ಇದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಒಳ್ಳೆಯ ಸುದ್ದಿ ಎಂದರೆ ಎರಡು ಸಲ ಎನ್‌ಕೋಡ್ ಆದದ್ದನ್ನು ಸಾಮಾನ್ಯವಾಗಿ ಹಿಂದೆ ತರಬಹುದು. ಪಠ್ಯವನ್ನು ಲ್ಯಾಟಿನ್1ಗೆ ಬದಲಿಸಿ, ಬಂದ ಬೈಟ್‌ಗಳನ್ನು ಬೈನರಿ ಎಂದು ಹೇಳಿ, ಆಮೇಲೆ ಅದನ್ನೇ ಯುಟಿಎಫ್-8 ಎಂದು ಓದಿಸಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಕನ್ವರ್ಟ್, ಕ್ಯಾಸ್ಟ್, ಕನ್ವರ್ಟ್ ಎಂದು ಒಂದರೊಳಗೊಂದು ಬರೆದರೆ ಆಯಿತು. ಆದರೆ ಇಡೀ ಟೇಬಲ್ ಮೇಲೆ ಇದನ್ನು ಓಡಿಸಿದಿರೋ, ಕೆಟ್ಟಿರಿ. ಟೇಬಲ್‌ನಲ್ಲಿ ಸಾಮಾನ್ಯವಾಗಿ ಹಳೆಯ ಸಾಲುಗಳು ಕೆಟ್ಟಿರುತ್ತವೆ, ಹೊಸವು ಸರಿ ಇರುತ್ತವೆ. ಸರಿ ಇರುವ ಕನ್ನಡವನ್ನು ಲ್ಯಾಟಿನ್1ಗೆ ಬದಲಿಸಿದರೆ ಏನಾಗುತ್ತದೆ? ಅದೇ ಐದು ಪ್ರಶ್ನಾರ್ಥಕ ಚಿಹ್ನೆ, ಈ ಸಲ ನಿಮ್ಮ ಕೈಯಿಂದಲೇ. ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ2 ಅಥವಾ ಸಿ3ಎ0ಸಿ2ಬಿ3 ಇರುವ ಸಾಲುಗಳನ್ನು ಮಾತ್ರ ಆರಿಸಿ. ಕನ್ನಡದ ಎಲ್ಲ ಕೋಡ್‌ಪಾಯಿಂಟ್‌ಗಳೂ ಇ0ಬಿ2 ಅಥವಾ ಇ0ಬಿ3ಯಿಂದಲೇ ಶುರುವಾಗುವುದರಿಂದ ಈ ಜರಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಬದಲಿಸಿದ್ದನ್ನು ಪಕ್ಕದ ಹೊಸ ಕಾಲಮ್‌ನಲ್ಲಿ ಬರೆದು, ಕಣ್ಣಾಡಿಸಿ, ಆಮೇಲೆ ಮೂಲಕ್ಕೆ ಹಾಕಿ.

ಇನ್ನೊಂದು ರೂಪ ಇದೆ. ಕಾಲಮ್ ಲ್ಯಾಟಿನ್1, ಒಳಗಿರುವ ಬೈಟ್‌ಗಳು ಮಾತ್ರ ಅಪ್ಪಟ ಯುಟಿಎಫ್-8. ಹೆಕ್ಸ್‌ನಲ್ಲಿ ಇ0 ಬಿ2 95 ಎಂದೇ ಕಾಣುತ್ತದೆ. ಇಂಥ ಕಾಲಮನ್ನು ನೇರವಾಗಿ ಯುಟಿಎಫ್-8ಗೆ ಬದಲಿಸಿದರೆ ಡೇಟಾಬೇಸ್ ಬೈಟ್‌ಗಳನ್ನೂ ಬದಲಿಸಿ ಎರಡು ಸಲ ಎನ್‌ಕೋಡ್ ಮಾಡಿಬಿಡುತ್ತದೆ. ಮೊದಲು ಕಾಲಮನ್ನು ಬರೀ ಬೈಟ್ ಇಡುವ ಬ್ಲಾಬ್ ಬಗೆಯ ಕಾಲಮ್ ಮಾಡಿ, ಆಮೇಲೆ ಬ್ಲಾಬ್‌ನಿಂದ ಯುಟಿಎಫ್-8 ಪಠ್ಯ ಮಾಡಿ. ಬ್ಲಾಬ್‌ಗೆ ಎನ್‌ಕೋಡಿಂಗ್ ಇಲ್ಲ, ಹಾಗಾಗಿ ಬೈಟ್ ಮುಟ್ಟದೆ ಹೆಸರು ಮಾತ್ರ ಬದಲಾಗುತ್ತದೆ.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಅರ್ಧಾಕ್ಷರದ ಚಿಹ್ನೆಯ ಬೈಟ್‌ಗಳು ಇ0 ಬಿ3 8ಡಿ. ವಿಂಡೋಸ್-1252ರಲ್ಲಿ 8ಡಿ ಎಂಬ ಜಾಗ ಖಾಲಿ. ಅಲ್ಲಿ ಯಾವ ಅಕ್ಷರವೂ ಇಲ್ಲ. ಕೆಲವು ಸಾಧನಗಳು ಅದನ್ನು ಹಾಗೇ ದಾಟಿಸಿಬಿಡುತ್ತವೆ, ಪೈಥಾನ್ ಮಾತ್ರ ಎರರ್ ಕೊಟ್ಟು ನಿಲ್ಲುತ್ತದೆ. 'ಗಗನ' ಹೋಗುತ್ತದೆ, 'ಕನ್ನಡ' ಹೋಗುವುದಿಲ್ಲ. ಒತ್ತಕ್ಷರ ಇರುವ ಪದಗಳು ತೊಂದರೆ ಕೊಡುತ್ತಿವೆ ಎಂದು ಯಾರಾದರೂ ಹೇಳಿದರೆ ನಗಬೇಡಿ. ನಡುವೆ ಎಲ್ಲೋ ವಿಂಡೋಸ್-1252 ಇದೆ ಎನ್ನುವುದಕ್ಕೆ ಅದು ಗಟ್ಟಿ ಸುಳಿವು.

ಮೂರನೆಯದು, ಅರ್ಧಕ್ಕೆ ಕತ್ತರಿಸಿದ ಪಠ್ಯ. ದೊಡ್ಡ ಕಾಮೆಂಟ್ ಬರೆದಿದ್ದಾರೆ, ಡೇಟಾಬೇಸ್‌ನಲ್ಲಿ ಎರಡು ಸಾಲು ಮಾತ್ರ ಇದೆ. ಕಡಿದ ಜಾಗದಲ್ಲಿ ಮೂಲದಲ್ಲಿ ಏನಿತ್ತು ಎಂದು ಕೇಳಿ. ನಗುಮುಖದ ಇಮೋಜಿ ಇತ್ತು ಎಂದರೆ ಕಾರಣ ಸಿಕ್ಕಂತೆ. 😀 ಎನ್ನುವುದಕ್ಕೆ ಯುಟಿಎಫ್-8ನಲ್ಲಿ 4 ಬೈಟ್ ಬೇಕು: ಎಫ್0 9ಎಫ್ 98 80. ಮೈಎಸ್‌ಕ್ಯುಎಲ್‌ನಲ್ಲಿ ಯುಟಿಎಫ್8 ಎಂಬ ಹೆಸರಿನಲ್ಲಿ ಇದ್ದದ್ದು 3 ಬೈಟ್‌ವರೆಗೆ ಮಾತ್ರ ಇಡುವ ಅರೆಬರೆ ರೂಪ. ಪೂರ್ತಿ ರೂಪ 2010ರಲ್ಲಿ 5.5.3 ಆವೃತ್ತಿಯಲ್ಲಿ ಯುಟಿಎಫ್8ಎಂಬಿ4 ಎಂಬ ಹೆಸರಿನಲ್ಲಿ ಬಂತು. ಕನ್ನಡಕ್ಕೆ 3 ಬೈಟ್ ಸಾಕಾದ್ದರಿಂದ ಹಳೆಯ ರೂಪದಲ್ಲೂ ಕನ್ನಡ ಚೆನ್ನಾಗೇ ಇರುತ್ತದೆ, ಇಮೋಜಿ ಬಂದಾಗ ಮಾತ್ರ ಬೀಳುತ್ತದೆ.

ಹೊಂದದ ಡೇಟಾವನ್ನು ನಿರಾಕರಿಸುವ ಸ್ಟ್ರಿಕ್ಟ್ ಮೋಡ್ ಇದ್ದರೆ 1366 ಎಂಬ ಎರರ್ ಬರುತ್ತದೆ, ಸೇವ್ ಆಗುವುದಿಲ್ಲ. ಇಲ್ಲದಿದ್ದರೆ ಆ ಅಕ್ಷರದಿಂದ ಮುಂದಿನದನ್ನೆಲ್ಲ ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು, ಸೇವ್ ಮಾಡಿಬಿಡುತ್ತದೆ. ಆ ವಾರ್ನಿಂಗ್ ಓದುವವರು ಯಾರು? ಎರರ್ ಬರುತ್ತಿದೆ ಎಂದು ಸ್ಟ್ರಿಕ್ಟ್ ಮೋಡ್ ತೆಗೆದುಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಎರರ್ ನಿಂತಿತು, ಡೇಟಾ ಕಳೆದುಹೋಗಲು ಶುರುವಾಯಿತು. ಇದು ಲಾಭದ ವ್ಯವಹಾರವಲ್ಲ.

ಎಂಬಿ4ಗೆ ಬದಲಿಸುವಾಗ ಹಳೆಯ ಇನ್ನೊಡಿಬಿ (ಮೈಎಸ್‌ಕ್ಯುಎಲ್ ಡೇಟಾ ಇಡುವ ಎಂಜಿನ್) ಟೇಬಲ್‌ಗಳಲ್ಲಿ, ಬೇಗ ಹುಡುಕಲು ಇಡುವ ಇಂಡೆಕ್ಸ್ ದೊಡ್ಡದಾಯಿತು ಎಂಬ ಎರರ್ ಬರಬಹುದು. ಅಲ್ಲಿ ಮಿತಿ 767 ಬೈಟ್. 255 ಅಕ್ಷರಕ್ಕೆ ಮೂರರಂತೆ 765, ಒಳಗೆ ಹಿಡಿಯುತ್ತಿತ್ತು. ನಾಲ್ಕರಂತೆ ಆದರೆ 1020. ಎಷ್ಟೋ ಕೋಡ್‌ಗಳಲ್ಲಿ 191 ಎಂಬ ವಿಚಿತ್ರ ಉದ್ದ ನೋಡಿದ್ದೀರಲ್ಲ, ಅದು ಬಂದದ್ದು ಇಲ್ಲಿಂದ: 191ರ ನಾಲ್ಕು ಪಟ್ಟು 764.

ಕತ್ತರಿಸಿದ ಜಾಗದಲ್ಲಿ ಇಮೋಜಿ ಬದಲು & ಇತ್ತು ಎಂದರೆ ತಪ್ಪು ಡೇಟಾಬೇಸ್‌ನದ್ದೇ ಅಲ್ಲ. ಬ್ರೌಸರ್ ತಾನೇ ಫಾರ್ಮ್ ಕಳಿಸಿದರೆ & ಅನ್ನು %26 ಮಾಡುತ್ತದೆ, + ಅನ್ನು %2ಬಿ ಮಾಡುತ್ತದೆ, ಸ್ಪೇಸ್ ಅನ್ನು + ಮಾಡುತ್ತದೆ. ನೀವು ಜಾವಾಸ್ಕ್ರಿಪ್ಟ್‌ನಲ್ಲಿ ಕೈಯಾರೆ ಸ್ಟ್ರಿಂಗ್ ಜೋಡಿಸಿ ಕಳಿಸಿದರೆ ಇದ್ಯಾವುದೂ ಆಗುವುದಿಲ್ಲ. & ಬಂದ ಕಡೆ ಒಂದು ಫೀಲ್ಡ್ ಮುಗಿಯಿತು ಎಂದು ಸರ್ವರ್ ತಿಳಿಯುತ್ತದೆ. ಫೋನ್ ನಂಬರ್ ಮುಂದಿನ + ಸ್ಪೇಸ್ ಆಗಿಬಿಡುತ್ತದೆ. ಕೈಯಾರೆ ಜೋಡಿಸುವ ಬದಲು ಬ್ರೌಸರ್ ಕೊಡುವ ಫಾರ್ಮ್‌ಡೇಟಾ ಅಥವಾ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಬಳಸಿ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಈಗ ಕೋಟ್. 'ವಿಶೇಷ ಅಕ್ಷರ' ಎಂದರೆ ಹಲವರ ತಲೆಗೆ ಮೊದಲು ಬರುವುದೇ ಇದು. ಹೆಸರಿನ ಕಾಲಮ್‌ಗೆ ಡಿ'ಸೋಜ ಎಂದು ಹಾಕಿದರೆ ಎರರ್. ಎರರ್ ಬಂದರೆ ಪುಣ್ಯ, ಯಾಕೆಂದರೆ ಅದೇ ಬಾಗಿಲಿನಿಂದ ಎಸ್‌ಕ್ಯುಎಲ್ ಇಂಜೆಕ್ಷನ್ ಒಳಗೆ ಬರುತ್ತದೆ. ಒಂದು ಕೋಟ್‌ನಿಂದ ಕ್ವೆರಿ ಮುರಿಯುತ್ತಿದೆ ಎಂದರೆ ಹೊರಗಿನವರು ಬರೆದದ್ದು ನಿಮ್ಮ ಕ್ವೆರಿಯ ಭಾಗವಾಗುತ್ತಿದೆ ಎಂದೇ ಅರ್ಥ. ಇದಕ್ಕೆ ಉತ್ತರ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿ ಬೇರೆ, ಅದರೊಳಗೆ ಹಾಕುವ ಮೌಲ್ಯ (ವ್ಯಾಲ್ಯೂ) ಬೇರೆ. ಮೌಲ್ಯದೊಳಗೆ ಎಷ್ಟು ಕೋಟ್ ಇದ್ದರೂ ಅದು ಬರೀ ಡೇಟಾ.

ಹಳೆಯ ಪಿಎಚ್‌ಪಿಯಲ್ಲಿ ಮ್ಯಾಜಿಕ್ ಕೋಟ್ಸ್ ಎಂಬುದಿತ್ತು. ಬಂದ ಎಲ್ಲ ಕೋಟ್‌ಗೂ ತಾನಾಗಿಯೇ ಬ್ಯಾಕ್‌ಸ್ಲ್ಯಾಶ್ ಹಾಕುತ್ತಿತ್ತು. ಅದರ ಮೇಲೆ ಪ್ರೋಗ್ರಾಮರ್ ಇನ್ನೊಂದು ಸಲ ಎಸ್ಕೇಪ್ ಮಾಡುತ್ತಿದ್ದರು. ಎಡಿಟ್ ಮಾಡಿ ಸೇವ್ ಮಾಡಿದಷ್ಟೂ ಬ್ಯಾಕ್‌ಸ್ಲ್ಯಾಶ್ ಬೆಳೆಯುತ್ತಿತ್ತು. 2012ರಲ್ಲಿ 5.4 ಆವೃತ್ತಿ ಅದನ್ನು ಕಿತ್ತುಹಾಕಿತು. ಹಳೆಯ ಟೇಬಲ್‌ಗಳಲ್ಲಿ ಆ ಕಾಲದ ಬ್ಯಾಕ್‌ಸ್ಲ್ಯಾಶ್‌ಗಳು ಇನ್ನೂ ಸಿಗುತ್ತವೆ.

ಡ್ರೈವರ್‌ಗೆ ಎನ್‌ಕೋಡಿಂಗ್ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದೆನಲ್ಲ, ಅದು ಇಲ್ಲಿದೆ. ಚೀನೀ ಭಾಷೆಯ ಜಿಬಿಕೆ ಎನ್‌ಕೋಡಿಂಗ್ ತಗೊಳ್ಳಿ. ಬಿಎಫ್ ಎಂಬ ಬೈಟ್, ಅದರ ಪಕ್ಕ ಕೋಟ್, ಅಂದರೆ 27. ಎನ್‌ಕೋಡಿಂಗ್ ತಿಳಿಯದ ಎಸ್ಕೇಪ್ ಫಂಕ್ಷನ್ ಕೋಟ್‌ನ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕುತ್ತದೆ: ಬಿಎಫ್ 5ಸಿ 27. ಜಿಬಿಕೆಯಲ್ಲಿ ಬಿಎಫ್ 5ಸಿ ಸೇರಿ ಒಂದು ಪೂರ್ತಿ ಅಕ್ಷರ. ಬ್ಯಾಕ್‌ಸ್ಲ್ಯಾಶ್ ಅದರ ಹೊಟ್ಟೆಗೆ ಹೋಯಿತು, ಕೋಟ್ ಬಿಡುಗಡೆ ಆಯಿತು. ಎಸ್ಕೇಪ್ ಮಾಡಿದ ಮೇಲೂ ಇಂಜೆಕ್ಷನ್! ಎನ್‌ಕೋಡಿಂಗ್ ಎಂದರೆ ಅಂದಚಂದದ ವಿಷಯ ಎನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಎಸ್ಕೇಪ್ ಬಗ್ಗೆ ಇನ್ನೊಂದು ಮಾತು. ಡೇಟಾಬೇಸ್‌ನಲ್ಲಿ &amp;amp; ಕಂಡರೆ ಯಾರೋ ಸೇವ್ ಮಾಡುವ ಮೊದಲೇ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿದ್ದಾರೆ, ಅದೂ ಎರಡು ಸಲ. ಬರೆದದ್ದನ್ನು ಬರೆದ ಹಾಗೇ ಇಡಿ. ಪುಟದಲ್ಲಿ ತೋರಿಸುವಾಗ ಎಸ್ಕೇಪ್ ಮಾಡಿ. ಅದೇ ಡೇಟಾ ನಾಳೆ ಇಮೇಲ್‌ಗೋ ಪಿಡಿಎಫ್‌ಗೋ ಹೋಗಬಹುದು, ಅಲ್ಲಿ ನಿಯಮ ಬೇರೆ. ಆದರೆ &#3221; ಎಂಬಂತೆ ಸಂಖ್ಯೆ ಇದ್ದರೆ ಕಾರಣ ಬೇರೆ. ಅದು ಬ್ರೌಸರ್ ಮಾಡಿದ್ದು. ನಿಮ್ಮ ಪುಟ ತನ್ನನ್ನು ಲ್ಯಾಟಿನ್1 ಎಂದು ಹೇಳಿಕೊಂಡಿದೆ. ಅದರಲ್ಲಿ 'ಕ' ಇಲ್ಲವಾದ್ದರಿಂದ ಬ್ರೌಸರ್ ಅದರ ಸಂಖ್ಯೆ ಬರೆದು ಕಳಿಸಿದೆ. ಪುಟದ ಮೆಟಾ ಟ್ಯಾಗ್‌ನಲ್ಲಿ ಯುಟಿಎಫ್-8 ಎಂದು ಬರೆಯಿರಿ, ಅದು ಫೈಲ್‌ನ ಮೊದಲ 1024 ಬೈಟ್‌ನೊಳಗೆ ಬರಲಿ. ಬರೆದಿದ್ದೇನೆ ಆದರೂ ಆಗುತ್ತಿಲ್ಲ ಅನ್ನುವವರು ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಹೆಡರ್ ನೋಡಿ. ಎರಡೂ ಬೇರೆ ಬೇರೆ ಹೇಳಿದರೆ ಬ್ರೌಸರ್ ಹೆಡರ್ ಮಾತನ್ನೇ ಕೇಳುತ್ತದೆ.

ಉದ್ದದ ವಿಷಯ ಬೇಗ ಮುಗಿಸುತ್ತೇನೆ. ಒರಾಕಲ್‌ನಲ್ಲಿ ವಾರ್‌ಚಾರ್2 ಕಾಲಮ್‌ಗೆ 30 ಎಂದು ಕೊಟ್ಟರೆ ಡೀಫಾಲ್ಟ್ ಆಗಿ 30 ಬೈಟ್. ಡೇಟಾಬೇಸ್ ಯುಟಿಎಫ್-8 ಆಗಿದ್ದರೆ ಕನ್ನಡದಲ್ಲಿ ಅದು ಬರೀ 10 ಕೋಡ್‌ಪಾಯಿಂಟ್. ಅಕ್ಷರದ ಲೆಕ್ಕ ಬೇಕೆಂದರೆ ಹಾಗೆಂದು ಹೇಳಬೇಕು. ಬೈಟ್ ಲೆಕ್ಕದಲ್ಲಿ ಪಠ್ಯ ಕತ್ತರಿಸುವ ಫಂಕ್ಷನ್ ಬಳಸಿದರೆ ಕೊನೆಯ ಅಕ್ಷರ ಅರ್ಧವಾಗಿ � ಎಂಬ ಗುರುತು ಬರುತ್ತದೆ. ಅದು ಪರದೆಯಲ್ಲಿ ಮಾತ್ರ ಇದ್ದರೆ ಪರವಾಗಿಲ್ಲ. ಹೆಕ್ಸ್‌ನಲ್ಲಿ ಇಎಫ್ ಬಿಎಫ್ ಬಿಡಿ ಎಂದು ಕೂತಿದ್ದರೆ ಅದನ್ನೇ ಸೇವ್ ಮಾಡಿದ್ದೀರಿ ಎಂದರ್ಥ, ಮೂಲ ಹೋಯಿತು.

ಕೊನೆಗೆ ಕಣ್ಣಿಗೆ ಕಾಣದವು. ಇಲ್ಲಿ ಬೈಟ್ ಕೆಟ್ಟಿರುವುದಿಲ್ಲ, ಆದರೂ ಹುಡುಕಿದರೆ ಸಿಗುವುದಿಲ್ಲ. 'ಕೊ' ಎನ್ನುವುದನ್ನೇ ನೋಡಿ. ಕ ಮತ್ತು ಒಂದು ಒ-ಕಾರ ಎಂದು ಬರೆಯಬಹುದು. ಕ, ಎ-ಕಾರ, ಊ-ಕಾರ ಎಂದು ಮೂರಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಬೈಟ್ ಹೋಲಿಸುವವರಿಗೆ ಬೇರೆ ಬೇರೆ. ಸೇವ್ ಮಾಡುವ ಮೊದಲು ಎನ್‌ಎಫ್‌ಸಿ ನಾರ್ಮಲೈಸೇಶನ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ, ಹುಡುಕುವ ಪದಕ್ಕೂ ಅದನ್ನೇ ಮಾಡಿ. ವೆಬ್ ಪುಟದಿಂದಲೋ ವರ್ಡ್‌ನಿಂದಲೋ ಕಾಪಿ ಮಾಡಿದ ಪಠ್ಯದಲ್ಲಿ ಸಿ2 ಎ0 ಎಂಬ ಮುರಿಯದ ಸ್ಪೇಸ್ ಬರುತ್ತದೆ, ಕೆಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಂಚಿನ ಸ್ಪೇಸ್ ತೆಗೆಯುವ ಟ್ರಿಮ್ ಫಂಕ್ಷನ್ ಅದನ್ನು ತೆಗೆಯುವುದಿಲ್ಲ. ಹಾಗಂತ ಕಾಣದ್ದನ್ನೆಲ್ಲ ಗುಡಿಸಿ ಹಾಕಬೇಡಿ. ಇ2 80 8ಸಿ ಎಂಬ ಕಾಣದ ಅಕ್ಷರ ಕನ್ನಡದಲ್ಲಿ ಒತ್ತು ಆಗದಂತೆ ಅಕ್ಷರಗಳನ್ನು ಬಿಡಿಸಿ ಇಡುತ್ತದೆ. ಅದನ್ನು ತೆಗೆದರೆ 'ಫಾರ್ಮ್‌ನಲ್ಲಿ' ಎನ್ನುವ ಪದದ ಆಕಾರವೇ ಬದಲಾಗುತ್ತದೆ. ಹುಡುಕಾಟದ ಇಂಡೆಕ್ಸ್‌ನಲ್ಲಿ ತೆಗೆಯಿರಿ, ಮೂಲದಲ್ಲಿ ಇರಲಿ.

'ವಿಶೇಷ ಅಕ್ಷರಗಳಿಗೆ ಅವಕಾಶವಿಲ್ಲ' ಎಂದು ಫಾರ್ಮ್‌ನಲ್ಲಿ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಜನರ ಹೆಸರು ಜನರದ್ದು. ಅದರಲ್ಲಿ ಕೋಟ್ ಇದ್ದರೆ ಇರುತ್ತದೆ. ಆ ಸಾಲು ಬರೆಯುವ ಹೊತ್ತಿನಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬರೆಯಬಹುದಿತ್ತು.

ಇನ್ನು ಹುಡುಕುವ ಕ್ರಮ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ತೆರೆದು ಏನು ಹೊರಟಿತು ನೋಡಿ. ಸಾಮಾನ್ಯ ಫಾರ್ಮ್ ಆದರೆ ಕಚ್ಚಾ ರೂಪದಲ್ಲಿ %ಇ0%ಬಿ2%95 ಇರಬೇಕು. ಅದು ಸರಿ ಇದ್ದರೆ ನೇರವಾಗಿ ಆ ತುದಿಗೆ, ಡೇಟಾಬೇಸ್‌ನ ಹೆಕ್ಸ್‌ಗೆ ಹೋಗಿ. ಅಲ್ಲಿ ತಪ್ಪಿದ್ದರೆ ನಡುವಿನ ಜಾಗಕ್ಕೆ ಬನ್ನಿ: ಸರ್ವರ್ ಕೋಡ್‌ನಲ್ಲಿ, ಡ್ರೈವರ್‌ಗೆ ಕೊಡುವ ಸ್ವಲ್ಪ ಮೊದಲು, ಬೈಟ್‌ಗಳನ್ನು ಹೆಕ್ಸ್ ಮಾಡಿ ಲಾಗ್‌ಗೆ ಬರೆಸಿ. ಪಠ್ಯವನ್ನೇ ಲಾಗ್ ಮಾಡಬೇಡಿ, ಲಾಗ್ ಫೈಲ್‌ಗೂ ತನ್ನದೇ ಎನ್‌ಕೋಡಿಂಗ್ ಇರುತ್ತದೆ. ಅಲ್ಲಿ ಸರಿ ಇದ್ದರೆ ಕನೆಕ್ಷನ್ ಅಥವಾ ಕಾಲಮ್ ಕಾರಣ. ಅಲ್ಲೇ ಕೆಟ್ಟಿದ್ದರೆ ಸರ್ವರ್ ಓದಿಕೊಂಡ ರೀತಿ ಕಾರಣ. ಹಳೆಯ ಜಾವಾ ಸರ್ವ್‌ಲೆಟ್‌ಗಳಲ್ಲಿ ಮೊದಲ ಪ್ಯಾರಮೀಟರ್ ಓದುವ ಮುಂಚೆ ಎನ್‌ಕೋಡಿಂಗ್ ಹೇಳಬೇಕು, ಓದಿದ ಮೇಲೆ ಹೇಳಿದರೆ ಅದು ಕೇಳಿಸಿಕೊಳ್ಳುವುದಿಲ್ಲ.

ಪರೀಕ್ಷೆಗೆ ಒಂದು ಸಾಲು ಇಟ್ಟುಕೊಳ್ಳಿ. ಅದರಲ್ಲಿ ಒತ್ತಕ್ಷರ ಇರುವ ಕನ್ನಡ ಪದ ಒಂದಿರಲಿ, ಸಿಂಗಲ್ ಕೋಟ್, ಡಬಲ್ ಕೋಟ್, ಬ್ಯಾಕ್‌ಸ್ಲ್ಯಾಶ್, &, +, %, <, ವರ್ಡ್ ಹಾಕುವ ಬಾಗಿದ ಕೋಟ್, ಒಂದು ಇಮೋಜಿ, ಅದರ ನಂತರ ಮತ್ತೆ ಒಂದು ಮಾಮೂಲಿ ಪದ. ಇಮೋಜಿಯ ನಂತರದ ಪದ ಮರೆಯಬೇಡಿ, ಪಠ್ಯ ಕತ್ತರಿಸಿದ್ದು ಗೊತ್ತಾಗುವುದು ಅದರಿಂದಲೇ. ಈ ಸಾಲನ್ನು ಫಾರ್ಮ್‌ನಿಂದ ಕಳಿಸಿ, ಸೇವ್ ಮಾಡಿ, ಓದಿ, ಎಡಿಟ್ ಪುಟದಲ್ಲಿ ತೆರೆದು ಏನೂ ಬದಲಿಸದೆ ಮತ್ತೆ ಸೇವ್ ಮಾಡಿ. ಮೊದಲ ಸೇವ್‌ನ ಹೆಕ್ಸ್ ಮತ್ತು ಎರಡನೆಯದರ ಹೆಕ್ಸ್ ಹೋಲಿಸಿ. ಇದನ್ನು ಆಟೋಮ್ಯಾಟಿಕ್ ಟೆಸ್ಟ್ ಆಗಿ ಬರೆದಿಟ್ಟರೆ ಡ್ರೈವರ್ ಬದಲಾದಾಗ, ಡೇಟಾಬೇಸ್ ಬೇರೆ ಸರ್ವರ್‌ಗೆ ಹೋದಾಗ, ಯಾರಾದರೂ ಕನೆಕ್ಷನ್ ಸಾಲು ಮುಟ್ಟಿದಾಗ ಅದೇ ಮೊದಲು ಬೀಳುತ್ತದೆ.